ಆ ಮಗುವನ್ನು ಈ ದಾರಕ್ಕೆ ಪೋಣಿಸಬೇಡಿ: ಹವ್ಯಾಸಿ ಪತ್ತೇದಾರರಿಗೆ ಒಂದು ಬಹಿರಂಗ ಪತ್ರ

ಪ್ರಿಯ ಗೆಳೆಯರೇ, ಗೆಳತಿಯರೇ,

1948ರಲ್ಲಿ ಆಸ್ಟ್ರೇಲಿಯಾದ ಸೋಮರ್ಟನ್ ಕಡಲದಂಡೆಯಲ್ಲಿ ಗುರುತು ಸಿಗದ ಹೆಣವಾಗಿ ಸಿಕ್ಕ ಆ ಮನುಷ್ಯನ ಬಗ್ಗೆ ಓದಿ, ಬರೆದು, ಲೆಕ್ಕ ಹಾಕಿ ನಿದ್ದೆಗೆಟ್ಟಿರುವ ನಿಮ್ಮೆಲ್ಲರಿಗೂ ಈ ಪತ್ರ. ಪೊಲೀಸರಿಗೆ ಬರೆಯಬಹುದಿತ್ತು. ಸಂಶಯದ ಸಾವುಗಳ ವಿಚಾರಣೆ ಮಾಡುವ ಅಧಿಕಾರಿಗೂ, ಅಂದರೆ ಕರೋನರ್‌ಗೂ, ಬರೆಯಬಹುದಿತ್ತು. ಆದರೆ ನನ್ನ ಮಾತು ನಮ್ಮವರ ಹತ್ತಿರವೇ ಇದೆ. ನಾನೂ ನಿಮ್ಮಲ್ಲೊಬ್ಬ. ಅವನದೆನ್ನುವ ಪುಸ್ತಕದ ಹಿಂಬದಿಯಲ್ಲಿದ್ದ, ಅರ್ಥವಾಗದ ಆ ಐದು ಸಾಲಿನ ಅಕ್ಷರಗಳನ್ನು ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ. ಅವನು ಗೂಢಚಾರ ಅಂತ ಬಹಳ ವರ್ಷ ಗಟ್ಟಿಯಾಗಿ ನಂಬಿದ್ದೆ. ನಂಬಿದ್ದಷ್ಟೇ ಅಲ್ಲ, ಕೇಳಿದವರಿಗೆಲ್ಲ ಹಾಗೆಯೇ ಹೇಳಿದ್ದೆ.

ಕೇಳಬೇಕಾದದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಆ ಸಾವಿನ ಸುತ್ತ ನಾವು "ಸಂಬಂಧ ಇರಬಹುದಾದ ಪ್ರಕರಣಗಳು" ಅಂತ ಒಂದು ಪಟ್ಟಿ ಕಟ್ಟಿಕೊಂಡಿದ್ದೇವೆ ಅಲ್ವಾ? ಅದನ್ನು ಬಿಚ್ಚೋಣ. ಅದರಲ್ಲಿರುವ ಎರಡು ವರ್ಷದ ಮಗುವನ್ನಂತೂ ಮೊದಲು ಹೊರಗೆ ತರೋಣ.

ಹೊಸದಾಗಿ ಓದುತ್ತಿರುವವರಿಗಾಗಿ ನಡೆದದ್ದನ್ನು ಸ್ವಲ್ಪ ಹೇಳುತ್ತೇನೆ. 1948ರ ಡಿಸೆಂಬರ್ 1, ಬೆಳಿಗ್ಗೆ ಸುಮಾರು ಆರೂವರೆ. ದಕ್ಷಿಣ ಆಸ್ಟ್ರೇಲಿಯಾದ ಅಡಿಲೇಡ್ ಹತ್ತಿರ, ಗ್ಲೆನೆಲ್ಗ್‌ಗೆ ತಾಗಿಕೊಂಡಿರುವ ಸೋಮರ್ಟನ್ ದಂಡೆ. ಕಡಲಿನ ತಡೆಗೋಡೆಗೆ ತಲೆಯಾನಿಸಿ, ಕಾಲು ಚಾಚಿ ಒಬ್ಬ ಸತ್ತು ಮಲಗಿದ್ದ. ಒಳ್ಳೆಯ ಕೋಟು, ಪಾಲಿಶ್ ಮಾಡಿದ ಶೂ. ಅರ್ಧ ಸೇದಿದ ಸಿಗರೇಟು ಕೋಟಿನ ಕಾಲರ್ ಮೇಲೆ ಬಿದ್ದಿತ್ತು. ಹಿಂದಿನ ಸಂಜೆ ಏಳರ ಸುಮಾರಿಗೆ ಒಂದು ಜೋಡಿ ಅವನನ್ನು ಅಲ್ಲೇ ನೋಡಿತ್ತು. ಅವನು ಬಲಗೈ ಮೇಲೆತ್ತಿ, ಮತ್ತೆ ಸೋತಂತೆ ಕೆಳಗೆ ಬಿಟ್ಟಿದ್ದ. ಆಮೇಲೆ ಬಂದ ಇನ್ನೊಂದು ಜೋಡಿ ಅವನ ಮುಖದ ಮೇಲೆ ಸೊಳ್ಳೆ ಕೂತಿದ್ದನ್ನು ಕಂಡಿತು. ಓಡಿಸುತ್ತಿಲ್ಲವಲ್ಲ ಅಂದುಕೊಂಡು, ಕುಡಿದು ಮಲಗಿರಬೇಕು ಅಂತ ಹೊರಟುಹೋದರು.

ಜೇಬಿನಲ್ಲಿ ಹೆನ್ಲಿ ಬೀಚ್‌ಗೆ ತೆಗೆದುಕೊಂಡು ಬಳಸದೆ ಉಳಿದಿದ್ದ ರೈಲು ಟಿಕೆಟ್, ಒಂದು ಬಸ್ ಟಿಕೆಟ್, ಬಾಚಣಿಗೆ, ಚ್ಯೂಯಿಂಗ್ ಗಮ್, ಬೆಂಕಿಪೊಟ್ಟಣ. ಆರ್ಮಿ ಕ್ಲಬ್ ಪ್ಯಾಕೆಟ್ಟಿನೊಳಗೆ ಕೆನ್ಸಿಟಾಸ್ ಅನ್ನುವ ಬೇರೆ ಕಂಪನಿಯ ಏಳು ಸಿಗರೇಟು. ಬಟ್ಟೆಗಳ ಲೇಬಲ್ ಕಿತ್ತಿತ್ತು. ಮರಣೋತ್ತರ ಪರೀಕ್ಷೆಯಲ್ಲಿ ಗುಲ್ಮ, ಅಂದರೆ ಸ್ಪ್ಲೀನ್, ಮಾಮೂಲಿಗಿಂತ ಸುಮಾರು ಮೂರು ಪಟ್ಟು ದೊಡ್ಡದಾಗಿತ್ತು. ಹೊಟ್ಟೆಯಲ್ಲಿ ರಕ್ತ ಇತ್ತು. ವಿಷ ಮಾತ್ರ ಸಿಗಲಿಲ್ಲ. ಪ್ರೊಫೆಸರ್ ಸ್ಟಾಂಟನ್ ಹಿಕ್ಸ್ ಬೇಗ ಕರಗಿಹೋಗಿ ಪತ್ತೆಯಾಗದಂಥ ಎರಡು ಔಷಧಗಳ ಹೆಸರನ್ನು ವಿಚಾರಣೆಯಲ್ಲಿ ಬಾಯಿಬಿಟ್ಟು ಹೇಳದೆ ಚೀಟಿಯಲ್ಲಿ ಬರೆದುಕೊಟ್ಟರು. ಕರೋನರ್ ಥಾಮಸ್ ಕ್ಲೆಲ್ಯಾಂಡ್ ಅವರಿಗೆ ಸಾವಿನ ಕಾರಣ ಏನೆಂದು ತೀರ್ಮಾನಿಸಲು ಆಗಲೇ ಇಲ್ಲ. ಪ್ಯಾಂಟಿನ ಒಂದು ಸಣ್ಣ ಜೇಬಿನಲ್ಲಿ, ಸುರುಳಿ ಸುತ್ತಿದ ಚೂರು ಕಾಗದದಲ್ಲಿ "ತಮಾಮ್ ಶುದ್" ಎಂಬ ಎರಡು ಪದ ಅಚ್ಚಾಗಿತ್ತು. ಪರ್ಷಿಯನ್ ಭಾಷೆಯಲ್ಲಿ ಮುಗಿಯಿತು ಅಂತ ಅರ್ಥ. ಉಮರ್ ಖಯ್ಯಾಮನ ರುಬಾಯತ್ ಪದ್ಯಗಳ ಇಂಗ್ಲಿಷ್ ಪುಸ್ತಕದ ಕೊನೆಯ ಪುಟದಿಂದ ಹರಿದದ್ದು. ಆ ಪುಸ್ತಕ ಗ್ಲೆನೆಲ್ಗ್‌ನಲ್ಲಿ ನಿಂತಿದ್ದ ಒಂದು ಕಾರಿನಲ್ಲಿ ಸಿಕ್ಕಿತು. ಅದರ ಹಿಂಬದಿಯಲ್ಲಿ ಅಕ್ಷರಗಳ ಐದು ಸಾಲು, ಒಂದು ಸಾಲು ಹೊಡೆದುಹಾಕಿದ್ದು. ಜೊತೆಗೆ ಒಬ್ಬ ನರ್ಸ್‌ನ ಫೋನ್ ನಂಬರ್. ಹೆಣ ಸಿಕ್ಕ ಜಾಗದಿಂದ ಅವರ ಮನೆಗೆ ಅರ್ಧ ಕಿಲೋಮೀಟರೂ ಇರಲಿಲ್ಲ.

ಇಷ್ಟು ಸಾಮಾನು ಕಣ್ಣ ಮುಂದೆ ಹರಡಿದರೆ ಯಾರ ತಲೆ ತಾನೆ ಸುಮ್ಮನಿರುತ್ತದೆ? ನಮ್ಮನ್ನು ನಾವು ಬೈದುಕೊಳ್ಳಬೇಕಿಲ್ಲ. ಕುತೂಹಲ ತಪ್ಪಲ್ಲ. ಆದರೆ ಎರಡು ವಸ್ತುವಿನ ನಡುವೆ ಗಂಟು ಹಾಕುವಾಗ ಯಾವುದು ಗಂಟು, ಯಾವುದು ಬರೀ ಆಸೆ ಅಂತ ನೋಡಿಕೊಳ್ಳಬೇಕು.

ನಿಜವಾದ ಗಂಟು ಹೇಗಿರುತ್ತದೆ ಅಂತ ಈ ಪ್ರಕರಣದಲ್ಲೇ ಇದೆ ನೋಡಿ. 1949ರ ಜನವರಿಯಲ್ಲಿ ಅಡಿಲೇಡ್ ರೈಲು ನಿಲ್ದಾಣದಲ್ಲಿ, ಪ್ರಯಾಣಿಕರ ಸಾಮಾನು ಇಡುವ ಕೋಣೆಯಲ್ಲಿ, ಯಾರೂ ಬಿಡಿಸಿಕೊಳ್ಳದ ಒಂದು ಸೂಟ್‌ಕೇಸ್ ಸಿಕ್ಕಿತು. ನವೆಂಬರ್ 30ರಂದು ಇಟ್ಟದ್ದು. ಇದು ಸತ್ತವನದೇ ಅಂತ ಹೇಗೆ ಹೇಳುವುದು? ಒಳಗೆ ಬಾರ್ಬರ್ ಕಂಪನಿಯ ಕಿತ್ತಳೆ ಬಣ್ಣದ, ಮೇಣ ಹಚ್ಚಿದ ದಾರ ಇತ್ತು. ಅಂಥದ್ದೇ ದಾರದಲ್ಲಿ ಸತ್ತವನ ಪ್ಯಾಂಟಿನ ಜೇಬಿನ ಒಳಗೆ ಹೊಲಿಗೆ ಹಾಕಿತ್ತು. ಆ ದಾರ ಆಸ್ಟ್ರೇಲಿಯಾದ ಅಂಗಡಿಗಳಲ್ಲಿ ಸಿಗುವಂಥದ್ದಲ್ಲ. ಎಲ್ಲೋ ಕೂತು, ಸೂಜಿಗೆ ಆ ದಾರ ಪೋಣಿಸಿ, ಹರಿದ ಜೇಬನ್ನು ತಾನೇ ಹೊಲಿದುಕೊಂಡ ಒಬ್ಬ ಮನುಷ್ಯ ಅಲ್ಲಿ ಕಾಣುತ್ತಾನೆ. ಅದು ಗಂಟು. ಹರಿದ ಚೂರು ಕಾಗದ ಆ ಪುಸ್ತಕಕ್ಕೆ ಹೊಂದಿದ್ದೂ ಗಂಟು. ಇವಕ್ಕೆ ಯಾರ ಕಲ್ಪನೆಯ ಸಹಾಯವೂ ಬೇಕಿರಲಿಲ್ಲ.

ಈಗ ನಮ್ಮ ಪಟ್ಟಿಗೆ ಬನ್ನಿ.

ಮೊದಲನೆಯದು ಸಿಡ್ನಿಯದು. 1945ರ ಜೂನ್‌ನಲ್ಲಿ ಮೋಸ್ಮನ್ ಬಡಾವಣೆಯ ಆಷ್ಟನ್ ಪಾರ್ಕಿನಲ್ಲಿ ಸಿಂಗಪುರದಿಂದ ಬಂದಿದ್ದ ಮಾರ್ಷಲ್ ಎಂಬುವರು ಸತ್ತು ಬಿದ್ದಿದ್ದರು. ಎದೆಯ ಮೇಲೆ ರುಬಾಯತ್ ಪುಸ್ತಕ ತೆರೆದಿತ್ತು. ವಿಷ ತೆಗೆದುಕೊಂಡ ಆತ್ಮಹತ್ಯೆ ಅಂತ ಆಗ ತೀರ್ಮಾನವಾಯಿತು. ಅದೇ ವರ್ಷ, ಅದೇ ಸಿಡ್ನಿಯಲ್ಲಿ, ಮೇಲೆ ಹೇಳಿದ ನರ್ಸ್ ಒಬ್ಬ ಸೇನಾಧಿಕಾರಿಗೆ ರುಬಾಯತ್ ಉಡುಗೊರೆ ಕೊಟ್ಟಿದ್ದರು. ಮೂರು ರುಬಾಯತ್, ಎರಡು ಸಾವು, ಒಬ್ಬ ನರ್ಸ್. ನಮ್ಮ ಕೈ ತಾನಾಗಿ ಗೆರೆ ಎಳೆಯಿತು. ಆದರೆ ಆ ಕಾಲದ ಇಂಗ್ಲಿಷ್ ಓದುಗರ ಮನೆಗಳಲ್ಲಿ ರುಬಾಯತ್ ಎಷ್ಟು ಸಾಮಾನ್ಯವಾಗಿತ್ತು ಅನ್ನೋದನ್ನು ಮರೆತೆವು. ಜೇಬಿಗೆ ಹಿಡಿಯುವ ಸಣ್ಣ ಪ್ರತಿಗಳು, ಪ್ರೇಮಿಗಳು ಕೊಟ್ಟುಕೊಳ್ಳುವ ಪ್ರತಿಗಳು ಬೇಕಾದಷ್ಟಿದ್ದವು. ಸಾವು ಮತ್ತು ಮದಿರೆಯ ಬಗ್ಗೆ ಇರುವ ಪದ್ಯಗಳು. ಬದುಕು ಸಾಕು ಅನ್ನಿಸಿದವರ ಕೈಯಲ್ಲಿ ಅದೇ ಪುಸ್ತಕ ಇದ್ದರೆ ಅದರಲ್ಲಿ ಸಂಚು ಹುಡುಕಬೇಕಾ?

ಎರಡನೆಯದೇ ನನಗೆ ಹೊಟ್ಟೆ ಕಿವುಚುವಂಥದ್ದು. 1949ರ ಜೂನ್ 6. ಸೋಮರ್ಟನ್‌ನಿಂದ ಸುಮಾರು 20 ಕಿಲೋಮೀಟರ್ ದೂರದ ಲಾರ್ಗ್ಸ್ ಬೇ ಮರಳುದಿಬ್ಬಗಳಲ್ಲಿ ಎರಡು ವರ್ಷದ ಗಂಡುಮಗುವಿನ ಶವ ಒಂದು ಗೋಣಿಚೀಲದಲ್ಲಿ ಸಿಕ್ಕಿತು. ಪಕ್ಕದಲ್ಲೇ ಅಪ್ಪ ಪ್ರಜ್ಞೆ ತಪ್ಪಿ ಬಿದ್ದಿದ್ದ. ಇಬ್ಬರೂ ನಾಲ್ಕು ದಿನದಿಂದ ಕಾಣೆಯಾಗಿದ್ದರು. ಅಪ್ಪನನ್ನು ಆಸ್ಪತ್ರೆಗೆ, ಆಮೇಲೆ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಮಗು ಹೇಗೆ ಸತ್ತಿತು ಅನ್ನೋದು ತೀರ್ಮಾನವಾಗಲಿಲ್ಲ. ಮುಖಕ್ಕೆ ಬಟ್ಟೆ ಕಟ್ಟಿಕೊಂಡವನೊಬ್ಬ ಕಾರಿನಲ್ಲಿ ಬಂದು, ಪೊಲೀಸರ ಹತ್ತಿರ ಹೋಗಬೇಡ ಅಂತ ಬೆದರಿಸಿದ ಎಂದು ತಾಯಿ ಹೇಳಿದಳು.

ಇದು ಸೋಮರ್ಟನ್ ಕತೆಯೊಳಗೆ ಹೇಗೆ ಬಂತು? ಆ ಅಪ್ಪ ಅದಕ್ಕೆ ಮುಂಚೆ, ಸೋಮರ್ಟನ್‌ನಲ್ಲಿ ಸತ್ತವನು ಕಾರ್ಲ್ ಥಾಂಪ್ಸನ್, 1939ರಲ್ಲಿ ರೆನ್‌ಮಾರ್ಕ್‌ನಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದವನು ಅಂತ ಗುರುತು ಹೇಳಿದ್ದ. ಇರುವ ಸಂಬಂಧ ಅಷ್ಟೇ. ಗುರುತು ಹೇಳಿದ್ದಕ್ಕೆ ಶಿಕ್ಷೆ ಕೊಟ್ಟರು ಅಂತ ನಾವು ಪೂರ್ತಿ ಮಾಡಿಕೊಂಡೆವು.

ಒಂದು ಸಂಖ್ಯೆ ನೋಡಿ. ಆ ಹೆಣ ಯಾರದು ಎಂಬುದಕ್ಕೆ 251ನೆಯ "ಉತ್ತರ" ಬಂದಿದೆ ಅಂತ 1953ರ ನವೆಂಬರ್‌ನಲ್ಲಿ ಪೊಲೀಸರು ಹೇಳಿದರು. 251! ಅಷ್ಟು ಸಲ ಜನ ಮುಂದೆ ಬಂದು ಇವನು ನನಗೆ ಗೊತ್ತು ಅಂದಿದ್ದಾರೆ. ಹಾಗೆ ಹೇಳಿದವರ ಮನೆಗಳಲ್ಲಿ ಆ ಐದು ವರ್ಷದಲ್ಲಿ ಕಾಯಿಲೆ, ಸಾವು, ಹುಚ್ಚು, ಸಾಲ ಏನೂ ಬರಲಿಲ್ಲವಾ? ಬಂದೇ ಇರುತ್ತದೆ. ಅದರಲ್ಲಿ ಒಂದು ಮನೆಯದು ಪತ್ರಿಕೆಗೆ ಬಂತು. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯಿತು.

ಇಲ್ಲಿ ನನ್ನದೊಂದು ಒಪ್ಪಿಗೆ. 2022ರಲ್ಲಿ ಸತ್ತವನ ಹೆಸರು ಕಾರ್ಲ್ ವೆಬ್ ಎಂಬ ಸುದ್ದಿ ಬಂದಾಗ ನನ್ನ ಎದೆ ಹೊಡೆದುಕೊಂಡಿತು. ಕಾರ್ಲ್! ಆ ಅಪ್ಪ ಹೇಳಿದ ಹೆಸರೂ ಕಾರ್ಲ್ ತಾನೆ? ರಾತ್ರಿಯೆಲ್ಲ ಕೂತು ಅವನನ್ನು ರೆನ್‌ಮಾರ್ಕ್‌ಗೆ ಕಳಿಸಲು ದಾರಿ ಹುಡುಕಿದೆ. ಬೆಳಗಿನ ಜಾವದ ಹೊತ್ತಿಗೆ ನಾನು ಮಾಡುತ್ತಿರುವುದು ಏನೆಂದು ಹೊಳೆಯಿತು. ಸತ್ತ ಮಗುವೊಂದನ್ನು ನನ್ನ ಕತೆಗೆ ಗಟ್ಟಿ ಸಾಕ್ಷಿ ಅಂತ ಎಳೆದುಕೊಳ್ಳುತ್ತಿದ್ದೆ. ಆ ಮಗುವಿನ ಹೆಸರು ಬರೆದಾಗೆಲ್ಲ ನಾನು ಬರೆಯುತ್ತಿದ್ದದ್ದು ಬೇರೆಯವನ ಬಗ್ಗೆ. ಅದರ ಸಾವಿಗೆ ಅದರದೇ ಒಂದು ವಿಚಾರಣೆ ಬೇಕಿತ್ತು. ನಾಲ್ಕು ದಿನ ಅಪ್ಪ ಮಗ ಎಲ್ಲಿದ್ದರು, ಏನು ತಿಂದರು, ಚಳಿಗೆ ಏನು ಹೊದ್ದರು, ಯಾರು ನೋಡಿದರು? ಜೂನ್ ಅಂದರೆ ಅಲ್ಲಿ ಚಳಿಗಾಲ. ಈ ಪ್ರಶ್ನೆಗಳನ್ನು ನಮ್ಮಲ್ಲಿ ಕೇಳಿದವರು ಬಹಳ ಕಡಿಮೆ. ಎಲ್ಲರಿಗೂ ಬೇಕಾಗಿದ್ದದ್ದು ಆ ಮುಸುಕುಧಾರಿ.

ಗುರುತು ಹೇಳುವವರ ಮಾತು ಎಷ್ಟು ನಂಬಬಹುದು ಅನ್ನೋದು ಶುರುವಿನಲ್ಲೇ ತಿಳಿಯಬೇಕಿತ್ತು. ಹೆಣ ಸಿಕ್ಕ ಎರಡೇ ದಿನಕ್ಕೆ, ಸತ್ತವನು ಇಂಥವನಿರಬಹುದು ಅಂತ ಪತ್ರಿಕೆಯಲ್ಲಿ ಹೆಸರು ಬಂದ ಮನುಷ್ಯ ನಡೆದುಕೊಂಡು ಪೊಲೀಸ್ ಠಾಣೆಗೆ ಬಂದ. ಆಮೇಲೆ ಆ ಸೇನಾಧಿಕಾರಿ. ನರ್ಸ್ ಕೊಟ್ಟ ರುಬಾಯತ್ ಅವನ ಹತ್ತಿರ ಇತ್ತು ಅನ್ನುವುದು ಗೊತ್ತಾದಾಗ ಸತ್ತವನು ಅವನೇ ಅಂತ ಪೊಲೀಸರೂ ಅಂದುಕೊಂಡರು. ಎಲ್ಲ ಸರಿಯಾಗಿ ಕೂತಿತ್ತು. 1949ರ ಜುಲೈನಲ್ಲಿ ನೋಡಿದರೆ ಅವನು ಸಿಡ್ನಿಯಲ್ಲಿ ಆರಾಮಾಗಿದ್ದ. ಪುಸ್ತಕವೂ ಇತ್ತು. ಕೊನೆಯ ಪುಟ ತೆಗೆದರೆ "ತಮಾಮ್ ಶುದ್" ಹರಿಯದೆ ಹಾಗೇ ಇತ್ತು. ಆ ಪುಟವನ್ನು ಮನಸ್ಸಿನಲ್ಲಿ ತೆಗೆದು ಒಂದು ಸಲ ನೋಡಿ. ಅಷ್ಟು ಚೆನ್ನಾಗಿ ಹೊಂದಿಕೊಂಡ ಊಹೆ, ಹರಿಯದ ಒಂದು ಹಾಳೆಯ ಮುಂದೆ ನಿಲ್ಲಲಿಲ್ಲ.

ಲೆಕ್ಕದ ಹೆಸರಿನಲ್ಲಿ ಬಂದದ್ದನ್ನೂ ನಾವು ಸುಲಭವಾಗಿ ನಂಬಿದೆವು. ಸತ್ತವನ ಕಿವಿಯ ಮೇಲಿನ ಗುಳಿ ಕೆಳಗಿನದಕ್ಕಿಂತ ದೊಡ್ಡದು, ಮುಂದಿನ ಎರಡು ಹಲ್ಲು ಹುಟ್ಟಿನಿಂದಲೇ ಇಲ್ಲ. ಎರಡೂ ಅಪರೂಪದ ಲಕ್ಷಣ. ನರ್ಸ್‌ನ ಮಗನ ಫೋಟೋದಲ್ಲೂ ಎರಡೂ ಇವೆ. ಇದು ಕಾಕತಾಳೀಯ ಆಗಿರುವ ಸಾಧ್ಯತೆ ಒಂದು ಕೋಟಿಯಿಂದ ಎರಡು ಕೋಟಿಯಲ್ಲಿ ಒಂದು ಅಂತ ಲೆಕ್ಕ ಬಂತು. ನಾನೂ ಅದನ್ನು ಬಾಯಿಪಾಠ ಹೇಳುತ್ತಿದ್ದೆ. ಕೊನೆಗೆ ಕಾರ್ಲ್ ವೆಬ್‌ಗೂ ನರ್ಸ್‌ನ ಕುಟುಂಬಕ್ಕೂ ಡಿಎನ್‌ಎ ಸಂಬಂಧ ಕಾಣಲಿಲ್ಲ. ಕೋಟಿಯ ಲೆಕ್ಕ ಎಲ್ಲಿ ತಪ್ಪಿತು? ಕಿವಿ ಹೊಂದದಿದ್ದರೆ ಮೂಗು ನೋಡುತ್ತಿದ್ದೆವು. ಮೂಗು ಹೊಂದದಿದ್ದರೆ ಕಾಲ್ಬೆರಳು. ಹೊಂದುವುದು ಸಿಗುವವರೆಗೆ ಹುಡುಕಿ, ಸಿಕ್ಕ ಮೇಲೆ ಅದೊಂದಕ್ಕೇ ಲೆಕ್ಕ ಹಾಕಿದರೆ ಯಾವ ಸಂಖ್ಯೆ ಬೇಕಾದರೂ ಬರುತ್ತದೆ.

ನರ್ಸ್ ಬಗ್ಗೆಯೂ ಒಂದು ಮಾತು. ಸತ್ತವನ ಪ್ಲಾಸ್ಟರ್ ಮುಖ ತೋರಿಸಿದಾಗ ಆಕೆ ತಲೆತಿರುಗಿ ಬೀಳುವಂತೆ ಕಂಡರು ಎಂದು ಪೊಲೀಸ್ ಅಧಿಕಾರಿಯೊಬ್ಬರು ಹೇಳಿದ್ದಾರೆ. ಆ ಒಂದು ಕ್ಷಣದ ಮೇಲೆ ನಾವು ಪ್ರೇಮ, ಗುಟ್ಟಿನ ಮಗು, ವಿಷ, ರಷ್ಯಾ, ವೂಮೆರಾದ ರಾಕೆಟ್ ಕೇಂದ್ರ ಎಲ್ಲವನ್ನೂ ಹೇರಿದೆವು. ನನ್ನ ಹೆಸರು ಹೊರಗೆ ಬರೋದು ಬೇಡ ಅಂತ ಆಕೆ ಕೇಳಿಕೊಂಡಿದ್ದರು. ಅದನ್ನೂ ಗುಟ್ಟಿಗೆ ಸಾಕ್ಷಿ ಅಂದೆವು. ಆಕೆಯ ನಂಬರ್ ಆ ಪುಸ್ತಕದಲ್ಲಿ ಯಾಕಿತ್ತು ಅನ್ನೋದು ನ್ಯಾಯವಾದ ಪ್ರಶ್ನೆಯೇ. ಅದನ್ನು ಬಿಡಬೇಕಿಲ್ಲ. ಆದರೆ ಸತ್ತ ಮುಖ ನೋಡಿ ಬೆಚ್ಚಿದ್ದಕ್ಕೆ ಒಬ್ಬ ಹೆಂಗಸನ್ನು ಕೊಲೆಗಾತಿ ಮಾಡೋದು ಬೇಡ. ಆ ಕುಟುಂಬದವರು ಇವತ್ತೂ ಇದ್ದಾರೆ. ನಾವು ಬರೆದದ್ದನ್ನು ಓದುತ್ತಾರೆ.

ಇಷ್ಟು ಹೇಳಿದ್ದಕ್ಕೆ ಹವ್ಯಾಸಿಗಳು ಕೈಕಟ್ಟಿ ಕೂರಲಿ ಅಂತ ನನ್ನ ಅಭಿಪ್ರಾಯ ಅಂದುಕೊಳ್ಳಬೇಡಿ. ತದ್ವಿರುದ್ಧ. ಹೆಸರು ಸಿಕ್ಕಿದ್ದೇ ಪೊಲೀಸ್ ಇಲಾಖೆಯ ಹೊರಗಿನ ಇಬ್ಬರಿಂದ. ಅಡಿಲೇಡ್ ವಿಶ್ವವಿದ್ಯಾಲಯದ ಡೆರೆಕ್ ಅಬಾಟ್ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಪ್ರೊಫೆಸರ್. ಕಾಲೀನ್ ಫಿಟ್ಜ್‌ಪ್ಯಾಟ್ರಿಕ್ ಅಮೆರಿಕದಲ್ಲಿ ವಂಶಾವಳಿ ಹುಡುಕುವವರು. 1949ರಲ್ಲಿ ಪಾಲ್ ಲಾಸನ್ ಸತ್ತವನ ತಲೆ ಮತ್ತು ಎದೆಯ ಅಚ್ಚು ತೆಗೆದಾಗ ಕೆಲವು ಕೂದಲು ಪ್ಲಾಸ್ಟರಿನಲ್ಲಿ ಸಿಕ್ಕಿಹಾಕಿಕೊಂಡಿದ್ದವು. ಎಪ್ಪತ್ತು ವರ್ಷ ಜನ ಆ ಪ್ಲಾಸ್ಟರಿನ ಮುಖ ನೋಡಿದರು, ಕಿವಿ ಅಳೆದರು. ಉತ್ತರ ಆ ಕೂದಲಲ್ಲಿತ್ತು. ಅದರಿಂದ ಡಿಎನ್‌ಎ ತೆಗೆದು, ದೂರದ ಸಂಬಂಧಿಕರನ್ನು ಹಿಡಿದು, ಸುಮಾರು 4000 ಜನರ ವಂಶವೃಕ್ಷ ಕಟ್ಟಿ, ಒಬ್ಬೊಬ್ಬರನ್ನೇ ತೆಗೆದುಹಾಕುತ್ತಾ ಹೋದರು. ಯಾವಾಗ ಸತ್ತ ಅನ್ನುವ ದಾಖಲೆ ಇಲ್ಲದ ಒಬ್ಬನ ಹತ್ತಿರ ನಿಂತರು. ಕಾರ್ಲ್ ವೆಬ್. 1905ರ ನವೆಂಬರ್ 16ರಂದು ಮೆಲ್ಬರ್ನ್‌ನ ಫುಟ್‌ಸ್ಕ್ರೇಯಲ್ಲಿ ಹುಟ್ಟಿದವನು. ವಿದ್ಯುತ್ ಉಪಕರಣಗಳ ಕೆಲಸದವನು.

ಆಗ ಹಳೆಯ ಒಂದು ತೊಡಕು ಥಟ್ಟನೆ ಬಿಚ್ಚಿಕೊಂಡಿತು. ಸೂಟ್‌ಕೇಸಿನಲ್ಲಿದ್ದ ಟೈ ಮೇಲೆ "ಟಿ. ಕೀನ್" ಅಂತ ಇತ್ತು. ಆ ಕೀನ್ ಯಾರು ಅಂತ ಆಗ ಎಷ್ಟು ಹುಡುಕಿದರೂ ಸಿಕ್ಕಿರಲಿಲ್ಲ. ದಾರಿ ತಪ್ಪಿಸಲು ಬೇಕಂತಲೇ ಬಿಟ್ಟ ಹೆಸರು ಅಂತ ನಾವು ಹೇಳಿದ್ದೆವು. ವೆಬ್‌ನ ಭಾವನ ಹೆಸರು ಥಾಮಸ್ ಕೀನ್. ಭಾವನ ಹಳೆಯ ಟೈ, ಬನಿಯನ್ನು ಬಾಮೈದ ಹಾಕಿಕೊಂಡಿದ್ದಾನೆ. ಎಂಥ ಮನೆಯಲ್ಲೂ ನಡೆಯುವಂಥದ್ದು. ದೇಶದೇಶದ ಬೇಹುಗಾರರನ್ನೆಲ್ಲ ಕರೆದ ನಾವು, ಅಕ್ಕನ ಮನೆಯ ಬಟ್ಟೆ ಇರಬಹುದು ಅಂತ ಯೋಚಿಸಲಿಲ್ಲ.

ದಕ್ಷಿಣ ಆಸ್ಟ್ರೇಲಿಯಾ ಪೊಲೀಸರು ಆಗ ಈ ಹೆಸರಿಗೆ ಮುದ್ರೆ ಒತ್ತಲಿಲ್ಲ ಅನ್ನೋದನ್ನೂ ಹೇಳಬೇಕು. ವೆಸ್ಟ್ ಟೆರೇಸ್ ಸ್ಮಶಾನದಿಂದ ಅವರು 2021ರ ಮೇ 19ರಂದು ಅವಶೇಷ ಹೊರತೆಗೆದಿದ್ದರು. ಅವರ ಪರೀಕ್ಷೆ ಬೇರೆ ದಾರಿಯದು. ನನಗೆ ವೆಬ್ ಎಂಬ ಉತ್ತರ ಒಪ್ಪಿಗೆಯಾಗಿದೆ. ಕೂದಲು, ಕುಟುಂಬ, ಟೈ ಮೂರೂ ಒಂದೇ ಕಡೆ ಬೆರಳು ತೋರಿಸುತ್ತವೆ.

ಹಾಗಾದರೆ ನಮಗೆ ಉಳಿದ ಕೆಲಸ ಏನು? ಬಹಳ ಇದೆ. 1947ರ ಏಪ್ರಿಲ್‌ನಲ್ಲಿ ವೆಬ್ ಹೆಂಡತಿಯನ್ನು ಬಿಟ್ಟುಹೋದ. 1948ರ ನವೆಂಬರ್ 30ರಂದು ಅಡಿಲೇಡ್ ನಿಲ್ದಾಣದಲ್ಲಿ ಸೂಟ್‌ಕೇಸ್ ಇಟ್ಟ. ನಡುವೆ 19 ತಿಂಗಳು. ಹೆಂಡತಿ 1951ರಲ್ಲಿ ವಿಚ್ಛೇದನಕ್ಕೆ ಅರ್ಜಿ ಹಾಕಿದಾಗ ದಕ್ಷಿಣ ಆಸ್ಟ್ರೇಲಿಯಾದ ಬ್ಯೂಟ್ ಎಂಬ ಊರಿನಲ್ಲಿದ್ದಳು. ಅವಳನ್ನೇ ಹುಡುಕಿಕೊಂಡು ಬಂದ ಅಂತ ಹೇಳುವುದು ಸುಲಭ, ನನಗೂ ಹಾಗೇ ಅನ್ನಿಸುತ್ತದೆ. ಆದರೆ 1951ರ ವಿಳಾಸವನ್ನು 1948ಕ್ಕೆ ಎಳೆಯುವ ಮುಂಚೆ ಒಂದು ಬಾಡಿಗೆ ರಸೀದಿ, ಒಂದು ಮತದಾರರ ಪಟ್ಟಿ, ಊರ ಪತ್ರಿಕೆಯಲ್ಲಿ ಒಂದು ಸಾಲು ಬೇಕು. ಅವನು ಸಾವಿನ ಬಗ್ಗೆ ಪದ್ಯ ಬರೆಯುತ್ತಿದ್ದ, ಮುಂಚೆಯೂ ಒಮ್ಮೆ ಸಾಯಲು ನೋಡಿದ್ದ ಎಂದು ವಿಚ್ಛೇದನದ ಕಾಗದಗಳಲ್ಲಿ ಇದೆ. ಕುದುರೆ ಪಂದ್ಯದ ಹುಚ್ಚೂ ಇತ್ತಂತೆ. ಆ ಐದು ಸಾಲು ಕುದುರೆಗಳ ಹೆಸರಿನ ಮೊದಲಕ್ಷರ ಆಗಿರಬಹುದಾ? ಆ ವಾರದ ಪಂದ್ಯಗಳ ಪಟ್ಟಿ ಹಳೆಯ ಪತ್ರಿಕೆಗಳಲ್ಲಿ ಇರುತ್ತದೆ. ಸರಿಹೋಗುವುದನ್ನು ಮಾತ್ರ ಆರಿಸದೆ, ಇಡೀ ಪಟ್ಟಿ ಹಾಕಿಕೊಂಡು ನೋಡಬೇಕು. ರಕ್ಷಣಾ ಇಲಾಖೆಯ ಪರಿಣತರು 1978ರಲ್ಲಿ ಆ ಸಾಲುಗಳನ್ನು ನೋಡಿ, ಇದಕ್ಕೆ ಒಪ್ಪುವಂಥ ಉತ್ತರ ಕೊಡಲು ಆಗದು ಅಂದಿದ್ದರು. ನಮಗೂ ಕೊನೆಗೆ ಅಷ್ಟೇ ಸಿಕ್ಕರೆ ಅಷ್ಟೇ ಬರೆಯೋಣ.

ಪೊಲೀಸರು ಆ ಸೂಟ್‌ಕೇಸನ್ನು 1986ರಲ್ಲಿ ನಾಶ ಮಾಡಿದರು. ರುಬಾಯತ್ ಕಳೆದುಹೋಗಿದೆ. ಕಿತ್ತಳೆ ದಾರವನ್ನು ಈಗ ಯಾರೂ ಕೈಯಲ್ಲಿ ಹಿಡಿದು ನೋಡುವಂತಿಲ್ಲ. ಉಳಿದಿರುವುದು ಕಾಗದ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯ ಹಳೆಯ ಪತ್ರಿಕೆಗಳನ್ನು ಟ್ರೋವ್ ಅನ್ನುವ ಜಾಲತಾಣದಲ್ಲಿ ಇಟ್ಟಿದೆ, ಯಾರು ಬೇಕಾದರೂ ಓದಬಹುದು. ನಾನು 1947ರ ಏಪ್ರಿಲ್‌ನಿಂದ ಶುರು ಮಾಡಿ ಮೆಲ್ಬರ್ನ್ ಪತ್ರಿಕೆಗಳ ಸಣ್ಣ ಜಾಹೀರಾತು ಓದುತ್ತಿದ್ದೇನೆ. ಉಪಕರಣ ರಿಪೇರಿ, ಬಾಡಿಗೆ ಕೋಣೆ, ಹಳೇ ಸಾಮಾನು ಮಾರಾಟ. ಅಡಿಲೇಡ್ ಪತ್ರಿಕೆಗಳನ್ನು ಯಾರಾದರೂ ವಹಿಸಿಕೊಳ್ಳುತ್ತೀರಾ? ಲಾರ್ಗ್ಸ್ ಬೇ ಮಗುವಿನ ವಿಷಯ ಯಾರಿಗಾದರೂ ಮನಸ್ಸಿಗೆ ತಟ್ಟಿದ್ದರೆ, ದಯವಿಟ್ಟು ಅದಕ್ಕೆ ಬೇರೆಯೇ ಒಂದು ನೋಟ್‌ಬುಕ್ ತೆಗೆಯಿರಿ. ಮೊದಲ ಪುಟದಲ್ಲಿ ಅದರ ಹೆಸರು ಬರೆಯಿರಿ, ಸೋಮರ್ಟನ್ ಅಂತ ಬರೆಯಬೇಡಿ.

ಇಂತಿ,
ನಿಮ್ಮಲ್ಲೊಬ್ಬ